ಏನಿಲ್ಲ ಸ್ಟಾಪು

ಶಿವಮೊಗ್ಗದಿಂದ ಭದ್ರಾವತಿಗೆ ಓಡಾಡುವ ಖಾಸಗಿ ಬಸ್ಸುಗಳಲ್ಲಿ ಕಂಡಕ್ಟರುಗಳು ಊರಿನ ಹೆಸರು ಕೂಗುತ್ತಾರೆ. ನಾನು ಹೇಳಹೊರಟಿರುವವರು ತಿಂಡಿಯ ಹೆಸರು ಕೂಗುತ್ತಿದ್ದರು.

ಮಲವಗೊಪ್ಪ ಹತ್ತಿರ ಬಂತೆಂದರೆ "ಕಬ್ಬಿನಹಾಲು, ಕಬ್ಬಿನಹಾಲು ಯಾರ್ರೀ". ನಿದಿಗೆ ಕೆರೆ ಕಂಡ ಕೂಡಲೇ "ಮೀನು ಇಳೀರಿ, ಮೀನು". ಕಡದಕಟ್ಟೆಗೆ "ಮಂಡಕ್ಕಿ", ಭದ್ರಾವತಿ ಬಸ್ ಸ್ಟ್ಯಾಂಡಿಗೆ "ಪರೋಟ", ನಮ್ಮ ನ್ಯೂ ಟೌನಿಗೆ "ಇಡ್ಲಿ, ಕೊನೇ ಇಡ್ಲಿ". ಹೊಸಬರು ಕಕ್ಕಾಬಿಕ್ಕಿಯಾಗಿ ಅಕ್ಕಪಕ್ಕ ನೋಡುತ್ತಿದ್ದರು. ಹಳಬರು ಮಾತ್ರ ಆರಾಮವಾಗಿ "ಎರಡು ಮೀನು ಕೊಡಿ, ಒಂದು ಹಾಫ್" ಎಂದು ಟಿಕೆಟ್ ತೆಗೆದುಕೊಳ್ಳುತ್ತಿದ್ದರು. ಶುದ್ಧ ಸಸ್ಯಾಹಾರಿ ಮೇಷ್ಟ್ರೊಬ್ಬರು ದಿನಾ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಬಂದು "ಒಂದು ಮೀನು" ಎನ್ನುವುದನ್ನು ನಾನು ಮೂರು ವರ್ಷ ಕೇಳಿದ್ದೇನೆ.

ನಡುವೆ ಮಾಚೇನಹಳ್ಳಿ ಬರುತ್ತದೆ. ಎರಡೂ ಕಡೆ ಉದ್ದುದ್ದ ಕಾಂಪೌಂಡು, ಒಳಗೆ ಶೆಡ್ಡುಗಳು. ಈಚೆಗೆ ಕಂಪ್ಯೂಟರ್ ಕೆಲಸದ ಆಫೀಸುಗಳೂ ಬಂದಿವೆ. ನಮ್ಮ ಆಫೀಸಿನ ಮುಂದಿನ ಸ್ಟಾಪಿನಲ್ಲಿ ಆಗ ಒಂದು ಟೀ ಅಂಗಡಿಯೂ ಇರಲಿಲ್ಲ. ಅಲ್ಲಿಗೆ ಬಂದಾಗ ಅವರು ಕೈ ಅಲ್ಲಾಡಿಸಿ ಕೂಗುತ್ತಿದ್ದದ್ದು ಒಂದೇ: "ಏನಿಲ್ಲ, ಏನಿಲ್ಲ, ಇಳಿಯೋರು ಬನ್ನಿ."

ನಾನು ಕೆಲಸಕ್ಕೆ ಸೇರಿದ್ದು ಅಲ್ಲೇ. ದಿನಾ ಬೆಳಿಗ್ಗೆ ನ್ಯೂ ಟೌನಿನಲ್ಲಿ ಹತ್ತಿ "ಒಂದು ಏನಿಲ್ಲ" ಎಂದು ಕೈ ಚಾಚುತ್ತಿದ್ದೆ.

ಹೋದ ತಿಂಗಳು ಅವರು ಬಸ್ಸಿನಿಂದ ಇಳಿದರು. ಖಾಸಗಿ ಬಸ್ಸಿನಲ್ಲಿ ನಿವೃತ್ತಿ, ಹಾರ, ಭಾಷಣ ಏನೂ ಇರುವುದಿಲ್ಲ. "ಮಂಡಿ ಸಾಕು ಅಂತಿದೆ" ಎಂದು ಟಿಕೆಟ್ ಮೆಷಿನ್ನನ್ನು ಮಾಲೀಕರ ಕೈಗೆ ಕೊಟ್ಟರು. ವಿಜಿಲ್ ಮಾತ್ರ ಕೊಡಲಿಲ್ಲವಂತೆ. ಅವರ ಹೆಸರು ಬರೆಯಬೇಡ ಎಂದು ಅವರೇ ಹೇಳಿದ್ದಾರೆ. ನಾವೆಲ್ಲ ಕರೆಯುತ್ತಿದ್ದದ್ದು ಕಂಡಕ್ಟರಣ್ಣ ಎಂದೇ.

ತೆಳ್ಳಗಿನ ಆಳು. ನೋಟುಗಳನ್ನು ಉದ್ದಕ್ಕೆ ಮಡಿಸಿ ಎಡಗೈ ಬೆರಳುಗಳ ಸಂದಿಯಲ್ಲಿ ಸಿಕ್ಕಿಸಿಕೊಳ್ಳುವರು. ಬಸ್ಸು ಎಷ್ಟೇ ಓಲಾಡಲಿ, ಕಂಬಿ ಹಿಡಿದದ್ದನ್ನು ನಾನು ನೋಡಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಆದರೆ ಈ ಎರಡು ಊರಿನ ನಡುವೆ ಯಾವ ಹೋಟೆಲಿನಲ್ಲಿ ಎಷ್ಟು ಹೊತ್ತಿಗೆ ಏನು ಬಿಸಿಯಾಗಿ ಇಳಿಯುತ್ತದೆ ಎಂಬುದು ಅವರ ಬಾಯಲ್ಲಿತ್ತು. ಟ್ರಿಪ್ಪಿನ ಮಧ್ಯೆ ಹತ್ತು ನಿಮಿಷ ಸಿಕ್ಕರೆ ಒಂದು ಕಡೆ ಅರ್ಧ ದೋಸೆ, ಇನ್ನೊಂದು ಕಡೆ ಅರ್ಧ ಟೀ. ಎಲ್ಲೂ ಹೊಟ್ಟೆ ತುಂಬ ತಿನ್ನುತ್ತಿರಲಿಲ್ಲ. "ಪೂರ್ತಿ ತಿಂದ್ರೆ ಮುಂದಿನ ಸ್ಟಾಪಿಗೆ ಮೋಸ" ಎನ್ನುವರು.

ಯಾವ ಹೋಟೆಲ್ ಒಳ್ಳೆಯದು ಎಂದು ತಿಳಿಯಲು ಅವರದ್ದೊಂದು ಪರೀಕ್ಷೆ ಇತ್ತು. ಅದಕ್ಕೆ ಅವರು ಇಟ್ಟ ಹೆಸರು ಎರಡನೇ ಚಟ್ನಿ. "ಮೊದಲನೇ ಚಟ್ನಿ ಎಲ್ರೂ ಹಾಕ್ತಾರೆ, ತಂಗಿ. ಎರಡನೇ ಸಲ ಕೇಳು. ಕೇಳಿ ಚಟ್ನಿ ನೋಡ್ಬೇಡ, ಹಾಕೋನ ಮುಖ ನೋಡು. ಹೋಟೆಲ್ ಗೊತ್ತಾಗುತ್ತೆ."

ಈ ಪರೀಕ್ಷೆಯಲ್ಲಿ ನಪಾಸಾದವರ ಹೆಸರು ಬಸ್ಸಿನಲ್ಲಿ ಬರುತ್ತಿರಲಿಲ್ಲ. ಒಮ್ಮೆ ಭದ್ರಾವತಿ ಸ್ಟ್ಯಾಂಡ್ ಬಂದಾಗ "ಪರೋಟ" ಎನ್ನುವ ಬದಲು ಬರೀ "ಸ್ಟ್ಯಾಂಡು, ಸ್ಟ್ಯಾಂಡು" ಎಂದು ಕೂಗತೊಡಗಿದರು. ಒಂದು ವಾರ ಹೀಗೇ ಆಯಿತು. ಎಂಟನೇ ದಿನ ಪರೋಟ ಅಂಗಡಿಯ ತಮಿಳು ಯಜಮಾನರು ಹಿಟ್ಟು ಮೆತ್ತಿದ ಕೈಯಲ್ಲೇ ಬಸ್ಸಿನ ಬಾಗಿಲಿಗೆ ಬಂದು ನಿಂತರು.

"ಅಣ್ಣೇ, ನಮ್ದು ಯಾಕೆ ಕೂಗಲ್ಲ?"

"ಪರೋಟಕ್ಕೆ ಹಾಕೋ ಸಾಲ್ನಾ ನೀರಾಗಿದೆ."

"ಅಡುಗೆಯವನು ಊರಿಗೆ ಹೋಗವ್ನೆ ಅಣ್ಣೇ. ನಾಳೆ ಬರ್ತಾನೆ."

"ಹಂಗಾದ್ರೆ ನಾಡಿದ್ದು ಕೂಗ್ತೀನಿ."

ಕಾಸಿಗೆ ಕೂಗುವ ಕಂಡಕ್ಟರ್ ಅಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ತಿಂದದ್ದಕ್ಕೆ ಎಲ್ಲ ಕಡೆಯೂ ದುಡ್ಡು ಕೊಟ್ಟೇ ಏಳುತ್ತಿದ್ದರು. ಆ ಯಜಮಾನರು ಬೈದುಕೊಳ್ಳದೆ ವಾಪಸು ಹೋಗಿದ್ದು ಅದಕ್ಕೇ.

ನನ್ನ ಮಟ್ಟಿಗೆ ಅವರು ಇನ್ನೊಂದು ಕಾರಣಕ್ಕೆ ದೊಡ್ಡವರು. ನಮ್ಮಪ್ಪ ಗುತ್ತಿಗೆ ಕೆಲಸದವರು, ಅಮ್ಮ ನ್ಯೂ ಟೌನಿನ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದರು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಕಷ್ಟಪಟ್ಟು ತೆಗೆದುಕೊಂಡದ್ದು. ಶಿವಮೊಗ್ಗದ ಕಾಲೇಜಿಗೆ ಮೂರು ವರ್ಷ ಇದೇ ಬಸ್ಸಿನಲ್ಲಿ ಓಡಾಡಿದೆ. ಮನೆಯಲ್ಲಿ ಓದಲು ಜಾಗವಿರಲಿಲ್ಲ. ಪರೀಕ್ಷೆ ಬಂದಾಗ ಅವರು ಡ್ರೈವರ್ ಹಿಂದಿನ ಕಿಟಕಿ ಸೀಟಿನ ಮೇಲೆ ಟವೆಲ್ ಹಾಕಿ ಇಟ್ಟಿರುತ್ತಿದ್ದರು. ಯಾರಾದರೂ ತಕರಾರು ತೆಗೆದರೆ, "ಅದು ಪರೀಕ್ಷೆ ಸೀಟು ಸ್ವಾಮಿ. ನೀವೂ ಪರೀಕ್ಷೆ ಕಟ್ಟಿ, ನಿಮಗೂ ಕೊಡ್ತೀನಿ" ಎಂದು ಬಾಯಿ ಮುಚ್ಚಿಸುವರು.

ಎರಡನೇ ವರ್ಷ ಲೆಕ್ಕಶಾಸ್ತ್ರದಲ್ಲಿ ಹೋಯಿತು. ಬಸ್ಸಿನಲ್ಲಿ ತಲೆ ಬಗ್ಗಿಸಿ ಕೂತಿದ್ದೆ. ಅವರು ಟಿಕೆಟ್ ಹರಿಯಲು ಬಂದವರು ಪಾಸ್ ಕೇಳಲಿಲ್ಲ. "ಎಷ್ಟು ಹೋಯ್ತು?" ಎಂದರು. "ಒಂದು" ಎಂದೆ. "ಒಂದು ಸ್ಟಾಪ್ ಮುಂದೆ ಇಳಿದಂಗೆ ಅಷ್ಟೆ. ಹಿಂದಕ್ಕೆ ನಡ್ಕೊಂಡ್ ಬಾ." ಆರು ತಿಂಗಳು ನಡೆದುಕೊಂಡು ಬಂದೆ. ಪಾಸಾದ ದಿನ ಮಲವಗೊಪ್ಪದಲ್ಲಿ ಬಸ್ಸು ನಿಲ್ಲಿಸಿ ನನಗೊಂದು ಗ್ಲಾಸ್ ಕಬ್ಬಿನಹಾಲು ತಂದುಕೊಟ್ಟರು. ಹಿಂದಿನ ಸೀಟಿನಲ್ಲಿ ಯಾರೋ "ಟೈಮ್ ಆಯ್ತು ಮಾರಾಯ" ಎಂದು ಗೊಣಗಿದರು. "ಇವಳಿಗೂ ಟೈಮ್ ಆಗಿತ್ತು, ಈಗ ಬಂತು. ಕುಡೀಲಿ ಇರಿ" ಎಂದು ಅವರು ಗ್ಲಾಸ್ ಖಾಲಿಯಾಗುವವರೆಗೆ ವಿಜಿಲ್ ಊದಲಿಲ್ಲ.

ಇಂಥವರ ಬಾಯಿಂದಲೇ ನನ್ನ ಕೆಲಸಕ್ಕೆ ಕುತ್ತು ಬಂತು.

ನಮ್ಮ ಆಫೀಸು ಬೆಂಗಳೂರಿನ ಕಂಪನಿಯೊಂದರ ಸಣ್ಣ ಶಾಖೆ. ಹೊರಗಿನಿಂದ ಬಂದು ಸೇರುವ ಹುಡುಗ ಹುಡುಗಿಯರು ನಾಲ್ಕು ತಿಂಗಳು ನಿಲ್ಲುತ್ತಿರಲಿಲ್ಲ. "ಶನಿವಾರ, ಭಾನುವಾರ ಮಾಡೋಕೆ ಇಲ್ಲಿ ಏನೂ ಇಲ್ಲ" ಎಂದು ಬರೆದುಕೊಟ್ಟು ಹೋಗುತ್ತಿದ್ದರು. ಶಾಖೆ ಇಡಬೇಕೋ ಮುಚ್ಚಿ ಬೆಂಗಳೂರಿಗೆ ಸೇರಿಸಬೇಕೋ ಎಂದು ನೋಡಿ ಬರಲು ಹೆಡ್ ಆಫೀಸಿನಿಂದ ಒಬ್ಬ ಮೇಡಂ ಬಂದರು. ಮುಚ್ಚಿದರೆ ಬೆಂಗಳೂರಿಗೆ ಹೋಗಬಲ್ಲವರು ಹೋಗುತ್ತಿದ್ದರು. ನಾನು ಹೋಗುವ ಹಾಗಿರಲಿಲ್ಲ, ಅಪ್ಪನಿಗೆ ಆಗ ಕೆಲಸವಿರಲಿಲ್ಲ, ತಮ್ಮ ಇನ್ನೂ ಓದುತ್ತಿದ್ದ. ನಿಜ ಹೇಳಬೇಕೆಂದರೆ ಹೋಗುವ ಮನಸ್ಸೂ ಇರಲಿಲ್ಲ. ಅಮ್ಮ ಅಡುಗೆ ಮಾಡಿದ ಊರಿನಲ್ಲೇ ನಾನು ಕುರ್ಚಿಯ ಮೇಲೆ ಕೂತು ದುಡಿಯುತ್ತಿದ್ದೆ. ಅದು ನನಗೆ ಸಣ್ಣ ವಿಷಯ ಆಗಿರಲಿಲ್ಲ.

ಮೇಡಂ ಶುಕ್ರವಾರ ಭದ್ರಾವತಿಯಲ್ಲಿ ರೈಲು ಇಳಿದು, ಲಾಡ್ಜಿನಲ್ಲಿ ಬ್ಯಾಗ್ ಇಟ್ಟು, ಕಾರು ಬೇಡವೆಂದು ಬಸ್ಸು ಹತ್ತಿ ಬಂದಿದ್ದರು. ಮೀಟಿಂಗಿನಲ್ಲಿ ಅವರಾಡಿದ ಮೊದಲ ಮಾತು ಇದು:

"ನಿಮ್ಮ ಸ್ಟಾಪಿಗೆ ಕಂಡಕ್ಟರ್ ಏನಂತ ಕೂಗ್ತಾರೆ ಗೊತ್ತಾ? ಏನಿಲ್ಲ ಅಂತ. ಜನ ದುಡ್ಡು ಕೊಟ್ಟು ಏನಿಲ್ಲ ಅಂತ ಟಿಕೆಟ್ ತಗೋತಾರೆ. ಬಿಟ್ಟುಹೋದ ಹುಡುಗರು ಬರೆದಿರೋದೂ ಅದೇ. ಊರಿನವರೇ ಒಪ್ಪಿಕೊಂಡ ಮೇಲೆ ನಾನು ಇನ್ನೇನು ನೋಡಲಿ?"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಎದ್ದು ನಿಂತು, "ಮೇಡಂ, ನಿಮ್ಮ ರೈಲು ನಾಳೆ ರಾತ್ರಿ ತಾನೇ. ಹಗಲು ನನಗೆ ಕೊಡಿ" ಎಂದೆ. ಧೈರ್ಯ ಎಲ್ಲಿಂದ ಬಂತೋ. ಅವರು ಫೈಲ್ ಮುಚ್ಚಿ, "ಸರಿ, ಕೊಟ್ಟೆ" ಎಂದರು.

ಸಂಜೆ ಬಸ್ಸಿನಲ್ಲಿ ಕಂಡಕ್ಟರಣ್ಣನಿಗೆ ಎಲ್ಲ ಹೇಳಿದೆ. ಸಿಟ್ಟಿನಲ್ಲೇ ಹೇಳಿದೆ. "ನೀವು ತಮಾಷೆಗೆ ಅಂದಿದ್ದು ಅಣ್ಣ. ಅವರು ಅದನ್ನೇ ಬರ್ಕೊಂಡು ಹೋಗ್ತಿದ್ದಾರೆ." ಅವರ ಕೈ ಟಿಕೆಟ್ ಮೆಷಿನ್ನಿನ ಮೇಲೆ ನಿಂತುಹೋಯಿತು. ಕಡದಕಟ್ಟೆ ಬಂತು, ಮಂಡಕ್ಕಿ ಕೂಗಲಿಲ್ಲ. ಸ್ಟ್ಯಾಂಡ್ ಬಂತು, ಪರೋಟ ಕೂಗಲಿಲ್ಲ. ನ್ಯೂ ಟೌನಿನಲ್ಲಿ ನಾನು ಇಳಿಯುವಾಗ ಡ್ರೈವರಿಗೆ ಕೇಳುವಂತೆ ಹೇಳಿದರು: "ನಾಳೆ ನಾನು ರಜೆ."

ಡ್ರೈವರ್ ಹಿಂತಿರುಗಿ ನೋಡಿದರು. "ಮದುವೆ ದಿನ ಮಧ್ಯಾಹ್ನದ ಟ್ರಿಪ್ಪಿಗೆ ಬಂದಿದ್ದ ಗಿರಾಕಿ ನೀನು. ಹುಷಾರಾಗಿದ್ದೀಯಾ?"

ಮೇಡಂ ಅವರನ್ನು ಕರೆದುಕೊಂಡು ಹೋಗಲು ನಾನು ಕಂಪ್ಯೂಟರಿನಲ್ಲಿ ಮಾಡಿಕೊಂಡಿದ್ದ ಜಾಗಗಳ ಪಟ್ಟಿ ತೋರಿಸಿದೆ. ಜೋಗ, ಒಂದು ರೆಸಾರ್ಟು, ಒಂದು ಮಾಲು. ಕಂಡಕ್ಟರಣ್ಣ ಬೆರಳಿಟ್ಟು ಓದಿ ವಾಪಸು ಕೊಟ್ಟರು.

"ಜೋಗ ಎಲ್ಲಿ, ನಾವೆಲ್ಲಿ. ಅದು ನೆಂಟರು ಬಂದಾಗ ವರ್ಷಕ್ಕೊಂದ್ಸಲ. ಅವರು ಕೇಳ್ತಿರೋದು ವಾರ ವಾರದ್ದು ಮಾರಾಯ್ತಿ. ಶನಿವಾರ ರೂಮಲ್ಲಿ ಒಬ್ಬನೇ ಕೂತಿರೋ ಹುಡುಗ ಎದ್ದು ಎಲ್ಲಿಗೆ ಹೋಗ್ಬೇಕು ಅಂತ. ಅದನ್ನ ತೋರಿಸ್ಬೇಕು. ಕಾರ್ ಬೇಡ. ಕಾರಲ್ಲಿ ಹೋದ್ರೆ ಊರು ಕಾಣುತ್ತೆ, ಸಿಗಲ್ಲ."

ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಖಾಕಿ ಇಲ್ಲದೆ ಅವರು ಯಾರೋ ಮದುವೆಯ ಕಡೆಯವರ ಹಾಗೆ ಕಾಣುತ್ತಿದ್ದರು. ನ್ಯೂ ಟೌನಿನ ಇಡ್ಲಿ ಹೋಟೆಲಿನವರು ಗುರುತೇ ಹಿಡಿಯಲಿಲ್ಲ. ಅದೂ ಒಳ್ಳೆಯದೇ ಆಯಿತು, ಪರೀಕ್ಷೆಗೆ ಮೋಸವಿರಲಿಲ್ಲ. ಲಾಡ್ಜಿನಿಂದ ಬಂದ ಮೇಡಂಗೆ ಕಂಡಕ್ಟರಣ್ಣ ಎರಡನೇ ಚಟ್ನಿಯ ವಿಷಯ ಹೇಳಿದರು. ಮೇಡಂ ನಗುತ್ತ ಎರಡನೇ ಸಲ ಚಟ್ನಿ ಕೇಳಿದರು. ಬಡಿಸುವವರು ತುಂಬ ಹಾಕಿ, ಅವರು ಕೇಳದಿದ್ದರೂ ಬಕೆಟ್ಟನ್ನು ಟೇಬಲ್ಲಿನ ಮೇಲೇ ಇಟ್ಟು ಹೇಳಿದರು: "ಅಕ್ಕ, ಇಡ್ಲಿ ಖಾಲಿ ಆದ್ರೆ ನೀವು ಕರೀರಿ. ಚಟ್ನಿ ಖಾಲಿ ಆದ್ರೆ ಅದು ನಮ್ ತಪ್ಪು."

ಮೇಡಂ ಮುಖ ನೋಡಿದರು. ಹೇಳಿಕೊಟ್ಟ ಹಾಗೇ, ಚಟ್ನಿ ಬಿಟ್ಟು ಮುಖ ನೋಡಿದರು.

ಅಲ್ಲಿಂದ ಶಿವಮೊಗ್ಗ, ಅಲ್ಲಿ ಬಸ್ಸು ಬದಲಿಸಿ ತೀರ್ಥಹಳ್ಳಿ ರಸ್ತೆ. ಬೇರೆಯವರ ಬಸ್ಸಿನಲ್ಲಿ ಕಂಡಕ್ಟರಣ್ಣನಿಗೆ ಕೂರಲು ಬರಲಿಲ್ಲ. ಬಾಗಿಲಲ್ಲಿ ನಿಂತು ಮುದುಕಿಯೊಬ್ಬಳ ಬುಟ್ಟಿ ಎತ್ತಿಕೊಟ್ಟು, ಅಭ್ಯಾಸಬಲದಿಂದ ಜೇಬಿನ ವಿಜಿಲ್ ತೆಗೆದು ಊದಿಬಿಟ್ಟರು. ಬಸ್ಸು ಹೊರಟಿತು. ಆ ಬಸ್ಸಿನ ಕಂಡಕ್ಟರ್ ಹಿಂದಿನಿಂದ, "ಅಣ್ಣ, ನಾನಿನ್ನೂ ಇದ್ದೀನಿ" ಎಂದ. ಇಡೀ ಬಸ್ಸು ನಕ್ಕಿತು, ಮೇಡಂ ಎಲ್ಲರಿಗಿಂತ ಜೋರಾಗಿ.

ಸಕ್ರೆಬೈಲಿನ ಆನೆ ಬಿಡಾರದಲ್ಲಿ ಆನೆಗಳಿಗೆ ಸ್ನಾನ ನಡೆಯುತ್ತಿತ್ತು. ನೀರಲ್ಲಿ ಮಲಗಿದ ಒಂದು ಮರಿ ಏಳಲು ಒಪ್ಪದೆ ಮಾವುತನನ್ನು ಸತಾಯಿಸುತ್ತಿತ್ತು. ಮೇಡಂ ಚಪ್ಪಲಿ ಬಿಟ್ಟು ಕಲ್ಲಿನ ಮೇಲೆ ಕೂತವರು ಒಂದು ಗಂಟೆ ಏಳಲಿಲ್ಲ. ಬರುವಾಗ ಗಾಜನೂರಿನಲ್ಲಿ ಇಳಿದು ಡ್ಯಾಮಿನ ನೀರು ನೋಡಿದೆವು. "ಆಫೀಸಿನಿಂದ ಇಲ್ಲಿಗೆ ಎಷ್ಟು ಹೊತ್ತು?" ಎಂದು ಮೇಡಂ ಕೇಳಿದರು. "ಎರಡು ಬಸ್ಸು, ನಡುವೆ ಒಂದು ಟೀ" ಎಂದರು ಕಂಡಕ್ಟರಣ್ಣ. ನನಗೆ ಗೆದ್ದೆವು ಅನ್ನಿಸಿತು.

ಗೆದ್ದಿರಲಿಲ್ಲ. ಮಧ್ಯಾಹ್ನ ನಿದಿಗೆಯಲ್ಲಿ ಇಳಿದು ಕೆರೆ ಹತ್ತಿರದ ಮೀನಿನ ಅಂಗಡಿಗೆ ಕರೆದುಕೊಂಡು ಹೋದರು. ಕಾವಲಿಯ ಮೇಲೆ ಮೀನು ಚುರ್ ಎನ್ನುತ್ತಿತ್ತು. ಮೇಡಂ ಬಾಗಿಲಲ್ಲೇ ನಿಂತರು.

"ನಾನು ಮೀನು ತಿನ್ನಲ್ಲ."

ನಾವು ಇಬ್ಬರೂ ಕೇಳಿರಲೇ ಇಲ್ಲ. ಇಷ್ಟು ವರ್ಷ ವಿಭೂತಿ ಮೇಷ್ಟ್ರಿಗೂ ಮೀನಿನ ಟಿಕೆಟ್ ಹರಿದವರಿಗೆ, ಹತ್ತಿದವರು ಏನು ತಿನ್ನುತ್ತಾರೆ ಎಂದು ಕೇಳುವ ಅಭ್ಯಾಸವೇ ಇರಲಿಲ್ಲ. ಮೇಡಂಗೆ ಹಸಿವಾಗಿತ್ತು, ಬಿಸಿಲೂ ಜೋರಿತ್ತು. "ಹಾಗಾದ್ರೆ ಈ ಸ್ಟಾಪಿನಲ್ಲೂ ನನಗೆ ಏನಿಲ್ಲ" ಎಂದರು. ಚುಚ್ಚಲು ಹೇಳಿದ್ದಲ್ಲ. ಆದರೆ ಕಂಡಕ್ಟರಣ್ಣನ ಮುಖ ಸಣ್ಣಗಾಯಿತು.

ಅಂಗಡಿಯ ಹೆಂಗಸು ಒಳಗಿನಿಂದಲೇ ಕೇಳಿಸಿಕೊಂಡಳು. ಸೆರಗಿನಲ್ಲಿ ಕೈ ಒರೆಸುತ್ತ ಬಂದು, "ಇವತ್ತು ಶನಿವಾರ ಅಲ್ವೇನಮ್ಮ, ನಾನೂ ಮುಟ್ಟಲ್ಲ. ಮಾರ್ತೀನಿ, ತಿನ್ನಲ್ಲ. ನನ್ ಅಡುಗೆ ಹಿತ್ಲಲ್ಲಿ ಬೇರೆ ಒಲೇಲಿ ಮಾಡಿದ್ದೀನಿ. ಬರ್ತೀಯಾ?" ಎಂದಳು.

ಹಿತ್ತಲಿನ ನೆರಳಿನಲ್ಲಿ ಚಾಪೆ ಹಾಸಿದಳು. ಅಕ್ಕಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗಟ್ಟಿ ಮೊಸರು. ಅವಳ ಪಾಲಿನ ಊಟ ಅದು. ಮೇಡಂ ಮೊದಲ ರೊಟ್ಟಿಯನ್ನು ಸಂಕೋಚದಲ್ಲಿ ತಿಂದರು. ಎರಡನೆಯದನ್ನು ತಾವೇ ಕೇಳಿದರು. ಕೇಳಿ, ಎಣ್ಣೆಗಾಯಿ ಬಿಟ್ಟು ಆ ಹೆಂಗಸಿನ ಮುಖ ನೋಡಿದ್ದನ್ನು ನಾನು ಗಮನಿಸಿದೆ. ಅವಳು ನಗುತ್ತ ಮೂರನೆಯದನ್ನು ತಟ್ಟಲು ಕೂತಿದ್ದಳು.

ದುಡ್ಡು ಕೊಡಲು ಹೋದರೆ, "ಮೀನಿಗೆ ರೇಟ್ ಇದೆ. ಇದಕ್ಕೆ ನಾನು ರೇಟ್ ಕಟ್ಟಿಲ್ಲ. ಮುಂದಿನ ಶನಿವಾರ ಬಂದ್ರೆ ಕಟ್ತೀನಿ" ಎಂದಳು.

ಸಂಜೆ ಕಡದಕಟ್ಟೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಆಯಿತು. ಕತ್ತಲಾಗುವ ಮೊದಲು ಭದ್ರಾ ಸೇತುವೆಯ ಮೇಲೆ ನಿಂತೆವು. ಸ್ಟೇಷನ್ನಿಗೆ ಹೊರಡುವ ಮುಂಚೆ ಮೇಡಂ ಅವರನ್ನು ನೇರವಾಗಿ ಕೇಳಿದರು: "ಇಷ್ಟೆಲ್ಲ ಗೊತ್ತಿದ್ದೂ ಆ ಸ್ಟಾಪಿಗೆ ಯಾಕೆ ಹಾಗೆ ಕೂಗ್ತೀರಿ?"

ಅವರು ಸೇತುವೆಯ ಕಂಬಿ ಹಿಡಿದುಕೊಂಡು ಹೇಳಿದರು:

"ನಂಗೆ ತಿನ್ನೋಕೆ ಸಿಕ್ಕಿದ್ದೇ ಊರು ಮೇಡಂ. ಅಲ್ಲಿ ತಿನ್ನೋಕೆ ಏನಿಲ್ಲ, ಅದಕ್ಕೆ ಏನಿಲ್ಲ ಅಂದೆ. ಪರೀಕ್ಷೆ ಸೀಟಲ್ಲಿ ಕೂರಿಸ್ಕೊಂಡು ಬಂದ ಹುಡುಗಿ ದಿನಾ ಅಲ್ಲೇ ಇಳೀತಾಳೆ ಅನ್ನೋದು ಲೆಕ್ಕಕ್ಕೆ ತಗೊಂಡಿರ್ಲಿಲ್ಲ. ತಪ್ಪು ನಂದು."

ಲಾಡ್ಜಿನಿಂದ ಬ್ಯಾಗ್ ತೆಗೆದುಕೊಂಡು ಮೇಡಂ ಅವರನ್ನು ರೈಲು ಹತ್ತಿಸಿ ಬಂದೆವು.

ಆಮೇಲಿನ ಐದು ವಾರ ಯಾವ ಸುದ್ದಿಯೂ ಬರಲಿಲ್ಲ. ಅಷ್ಟೂ ದಿನ ಕಂಡಕ್ಟರಣ್ಣ ಎಲ್ಲ ತಿಂಡಿ ಕೂಗಿದರು. ನಮ್ಮ ಸ್ಟಾಪು ಬಂದಾಗ ಮಾತ್ರ ಬಾಯಿ ಬಿಡುತ್ತಿರಲಿಲ್ಲ, ಬರೀ ವಿಜಿಲ್. ಅಭ್ಯಾಸವಾದವರು ಕೂಗು ಕೇಳದೆ ಸ್ಟಾಪು ತಪ್ಪಿಸಿಕೊಂಡರು. ಒಬ್ಬ ಅಜ್ಜಿ ಮುಂದಿನ ಸ್ಟಾಪಿನವರೆಗೆ ಹೋಗಿ, "ನಿನ್ ಬಾಯಿಗೆ ಏನಾಗಿದೆಯೋ? ಏನಿಲ್ಲ ಅನ್ನೋಕೂ ಏನಿಲ್ವಾ?" ಎಂದು ಬೈದಳು. "ವಿಷಯ ಇತ್ಯರ್ಥ ಆಗ್ಬೇಕು ಅಜ್ಜಿ" ಎಂದರು ಅವರು, ಕೋರ್ಟಿನಲ್ಲಿ ಕೇಸು ಇದ್ದವರ ಹಾಗೆ.

ಇತ್ಯರ್ಥವಾಯಿತು. ಶಾಖೆ ಉಳಿಯಿತು. ಹೊಸದಾಗಿ ಸೇರುವವರನ್ನು ಮೊದಲ ಶನಿವಾರ ಊರು ತೋರಿಸಿ ತರುವ ಹೊಣೆ ನನ್ನ ಹೆಸರಿಗೆ ಬಂತು, ಅದಕ್ಕೊಂದು ಹುದ್ದೆಯೂ ಬಂತು. ಮೇಡಂ ಕಳಿಸಿದ ಪತ್ರದ ಕೊನೆಯಲ್ಲಿ ಒಂದು ಸಾಲಿತ್ತು: ನಿಮ್ಮಲ್ಲಿ ಎಲ್ಲ ಇದೆ, ಕೂಗುವವರು ಬೇಕು.

ಆ ಸಂಜೆ ಬಸ್ಸಿಗೆ ಕಾಯುವ ತಾಳ್ಮೆ ಇರಲಿಲ್ಲ. ಮರುದಿನ ಹೇಳಿದರಾಯಿತೆಂದು ಸುಮ್ಮನಿರಲೂ ಆಗಲಿಲ್ಲ. ಆಟೋ ಹಿಡಿದು ಭದ್ರಾವತಿ ಸ್ಟ್ಯಾಂಡಿಗೆ ಹೋಗಿ, ಅವರ ಬಸ್ಸು ಶಿವಮೊಗ್ಗದ ಕಡೆ ಹೊರಡುವ ಹೊತ್ತಿಗೆ ಹತ್ತಿದೆ. "ಉಳೀತು ಅಣ್ಣ" ಎಂದೆ. ಅವರು ಮೂಗು ಒರೆಸಿಕೊಂಡು ಹಿಂದಿನವರ ಟಿಕೆಟ್ ಹರಿಯಲು ಹೋದರು. ಮಾಚೇನಹಳ್ಳಿ ಹತ್ತಿರವಾಯಿತು. ಬಾಗಿಲಿಗೆ ಬಂದು, ಅರ್ಧ ದೇಹ ಆಚೆ ಹಾಕಿ, ಐದು ವಾರ ಕಟ್ಟಿಟ್ಟ ಗಂಟಲು ಬಿಟ್ಟರು:

"ಇದೆ, ಇದೆ, ಇದೆ ಯಾರ್ರೀ. ಇದೆ ಇಳೀರಿ."

ಬೈದಿದ್ದ ಅಜ್ಜಿ ಅಂದೂ ಬಸ್ಸಿನಲ್ಲಿದ್ದಳು. "ಅಂತೂ ಬಂತಲ್ಲ ಬಾಯಿ" ಎಂದು ಇಳಿದು ಹೋದಳು.

ಈಗ ಆ ಸ್ಟಾಪಿನಲ್ಲಿ ಎರಡು ಟೀ ಅಂಗಡಿ, ಒಂದು ದೋಸೆ ಗಾಡಿ ಇವೆ. ನಿದಿಗೆಯ ಹೆಂಗಸು ಶನಿವಾರದ ರೊಟ್ಟಿಗೆ ರೇಟ್ ಕಟ್ಟಿದ್ದಾಳೆ. ನಮ್ಮ ಆಫೀಸು ಮೇಲಿನ ಅಂತಸ್ತನ್ನೂ ಹಿಡಿದಿದೆ.

ಕಂಡಕ್ಟರಣ್ಣನ ಜಾಗಕ್ಕೆ ಬಂದಿರುವ ಹೊಸ ಕಂಡಕ್ಟರಿಗೆ ಈ ಕಥೆ ಗೊತ್ತಿಲ್ಲ. ಹಳಬರು ಕೇಳುತ್ತಾರೆಂದು ಅವನೂ "ಇದೆ" ಎಂದೇ ಕೂಗುತ್ತಾನೆ. ಹೋದ ಶನಿವಾರ ಬೆಳಿಗ್ಗೆ ನಾನು ನ್ಯೂ ಟೌನಿನಲ್ಲಿ ಹತ್ತಿದಾಗ ಪರೀಕ್ಷೆ ಸೀಟಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯವರೊಬ್ಬರು ಕೂತಿದ್ದರು. ಹೊಸಬರ ತಂಡಕ್ಕೆ ಊರು ತೋರಿಸಲು ಬರುತ್ತೀರಾ ಎಂದು ನಾನು ಕೇಳಿ ವಾರವಾಗಿತ್ತು. ಮಂಡಿ ನೋಡಿ ಹೇಳ್ತೀನಿ ಅಂದಿದ್ದರು.

ಹೊಸ ಕಂಡಕ್ಟರ್ ಬಂದು, "ಎಲ್ಲಿಗೆ ಯಜಮಾನ್ರೇ?" ಎಂದ.

ಅವರು ಜೇಬಿನಿಂದ ನೋಟು ತೆಗೆದು, ಉದ್ದಕ್ಕೆ ಮಡಿಸಿ ಕೊಟ್ಟರು.

"ಒಂದು ಇದೆ ಕೊಡಪ್ಪ."